ಎರಡನೇ ಕುರ್ರ್

ಮೊದಲು ಹೋದದ್ದು ಕುಕ್ಕರಿನ ಸೀಟಿ.
ಆಮೇಲೆ 'ಸ', ಆಮೇಲೆ 'ಫ',
ಆಮೇಲೆ ಎಲ್ಲರ ಮಾತಿನ ಅಂಚು,
ಇಲಿ ಕಡಿದ ರೊಟ್ಟಿಯ ಹಾಗೆ.
ಸ್ವಾನ್ಸೀ ಆಸ್ಪತ್ರೆಯ ಹುಡುಗ ಕಾಗದದಲ್ಲಿ
ಇಳಿಯುವ ಗೆರೆ ತೋರಿಸಿ, ಇಗೋ ನಿಮ್ಮ ಕಿವಿ ಎಂದ.
ನಮ್ಮ ಬೀದಿಯ ಇಳಿಜಾರೂ ಹೀಗೇ ಇದೆಯಪ್ಪ,
ಚೀಲ ಹಿಡಿದು ದಿನಾ ಇಳಿಯುತ್ತೇನೆ ಎಂದೆ.
ನಕ್ಕನೋ ಏನೋ, ನನಗೆ ಕೇಳಲಿಲ್ಲ.

ಇದೇ ಆಸ್ಪತ್ರೆ, ಮೇಲಿನ ಮಹಡಿ, ಹೆರಿಗೆ ಕೋಣೆ.
ಮೂವತ್ತೆಂಟು ವರ್ಷ
ಮೊದಲ ಅಳುವಿಗೆ ಕಿವಿಗೊಟ್ಟು ನಿಂತವಳು ನಾನು,
ಅಳದ ಕೂಸಿನ ಬೆನ್ನು ತಿಕ್ಕಿ ತಿಕ್ಕಿ ಕರೆದವಳು.
ಈಗ ನನ್ನ ಕೈಗೆ ಬೂದುಬಣ್ಣದ ಎರಡು ಗೋಡಂಬಿ,
ಒಂದು ಡಬ್ಬಿ, ಒಂದು ಕೈಪಿಡಿ.
ಮುಂದಿನವರು ಬನ್ನಿ.

ಇಷ್ಟೇನಾ?

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ.
ಹುಟ್ಟಿದರೆ ಗುಗ್ಗರಿ, ಹೊಸ್ತಿಲು ದಾಟಿದರೆ ಸಿಹಿ,
ಮೈನೆರೆದರೆ ಆರತಿ, ಬಸಿರಾದರೆ ಹಸಿರು ಬಳೆ.
ಮುಟ್ಟು ನಿಂತ ದಿನ ಯಾರೂ ಆರತಿ ಎತ್ತಲಿಲ್ಲ.
ಹಾಲುಹಲ್ಲನ್ನು ಸೂರಿನ ಮೇಲೆ ಎಸೆದಿದ್ದೆವು;
ಕೊನೆಯ ದವಡೆಹಲ್ಲನ್ನು ದಂತವೈದ್ಯ ಬುಟ್ಟಿಗೆ ಹಾಕಿದ.
ಅರವತ್ತಕ್ಕೆ ಶಾಂತಿ ಇದೆ, ಇಲ್ಲವೆಂದಲ್ಲ,
ಪಕ್ಕದ ಮಣೆಯಲ್ಲಿ ಗಂಡ ಕೂತಿರಬೇಕು.
ನನ್ನ ಪಕ್ಕ ಯಾರೂ ಕೂರಲಿಲ್ಲ,
ನಾನೂ ಕರೆಯಲಿಲ್ಲ.

ಕಿವಿ ಚುಚ್ಚುವಾಗ ಪತ್ತಾರ ರಾಚಪ್ಪ
ಬಾಯಿಗೆ ಬೆಲ್ಲ ಇಟ್ಟಿದ್ದನಂತೆ.
ಎಪ್ಪತ್ತಾರಕ್ಕೆ ಯಾರು ಇಡುತ್ತಾರೆ?

ನಾನೇ ಕೊಂಡೆ. ಕಡಲೆ ನೆನೆಹಾಕಿದೆ.
ಶನಿವಾರ ನನ್ನ ಕಿವಿಗೆ ಹೆಸರು ಹೇಳುವುದಿದೆ, ಬಾ
ಎಂದೆ, ಪಕ್ಕದ ಮನೆಯ ಗ್ಲೆನಿಸ್‌ಗೆ.
ಏನು ತರಲಿ ಎಂದಳು, ಏಕೆ ಎನ್ನಲಿಲ್ಲ.
ತನ್ನ ಮೊಣಕಾಲಿಗೆ ಹೊಸ ಕೀಲು ಬಂದಾಗ
ಯಾರೂ ಇಂಥದೇನೂ ಮಾಡಲಿಲ್ಲವೆಂದು
ಊರುಗೋಲಿಗೆ ರಿಬ್ಬನ್ ಕಟ್ಟಿ ಅದನ್ನೂ ಕರೆತಂದಳು.

ಹೆಸರು ಹೇಳಲು ಸೋದರತ್ತೆ ಬೇಕು.
ನಮ್ಮ ಮನೆತನದಲ್ಲಿ ನನಗಿಂತ ಹಿರಿಯರು ಮುಗಿದರು.
ಇರಲಿ, ಗ್ಲೆನಿಸಳ ಮೊಮ್ಮಗಳು ಕ್ಯಾರಿಸಳೇ ಅತ್ತೆ:
ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ.
ವಾರ್ಡಿನಲ್ಲಿ ನಾನು ಸಿಸ್ಟರ್ ನೀನಾ, ಎದೆಯ ಬಿಲ್ಲೆಯಲ್ಲೂ ಅದೇ;
ಪಿಂಚಣಿ ಕಾಗದದಲ್ಲಿ ಮಾತ್ರ
ನಿಂಗವ್ವ ಯಲ್ಲಪ್ಪ ಹೊಸಮನಿ.
ಹುಡುಗಿ ಅಂಗೈಯಲ್ಲಿ ಬರೆದುಕೊಂಡಳು,
'ವ'ಕ್ಕೆ ಎಫ್, ಅದು ವೆಲ್ಷ್ ರೂಢಿ.
ಒತ್ತಿಗೆ ಇನ್ನೊಂದು ಎಫ್ ಹಾಕಿದರೆ 'ಫ' ಆಗಿಬಿಡುತ್ತದಂತೆ.
ಒತ್ತು ಬಾಯಲ್ಲೇ ಕೊಡವ್ವಾ ಎಂದೆ.

ಮಣೆ ಇಲ್ಲ, ಅಡುಗೆಮನೆಯ ಸ್ಟೂಲು.
ಗೋಡಂಬಿಗಳನ್ನು ಕಿವಿಯ ಹಿಂದೆ ಸಿಕ್ಕಿಸಿದೆ.
ಫ್ರಿಜ್ಜು ಗುನುಗಿತು.
ಚಿಮಣಿಯ ಮೇಲೆ ಕಡಲ ಹಕ್ಕಿ ಯಾರನ್ನೋ ಬೈಯತೊಡಗಿತು.
ಇಳಕಲ್ ಸೀರೆಯ ಸೆರಗು ತನಗೆ ತಾನೇ ಉಜ್ಜುವ ಸದ್ದು,
ಇದನ್ನು ಯಾವಾಗ ಕಳಕೊಂಡಿದ್ದೆ?
ಬಾಯಲ್ಲಿ ಬೆಲ್ಲ.
ಕ್ಯಾರಿಸ್ ಬಗ್ಗಿ ಕುರ್ರ್ ಎಂದಳು.
ಹೇಳಿಕೊಟ್ಟ ಹಾಗೆ ಗ್ಲೆನಿಸ್ ಅವಳ ಬೆನ್ನಿಗೆ ಮೆತ್ತಗೆ ಗುದ್ದಿದಳು.
ಮತ್ತೆ ಕುರ್ರ್, ಮತ್ತೆ ಗುದ್ದು,
ನಿಂಗವ್ವ, ಹಲ್ಲಿಲ್ಲದ ಬಾಯಿಯ ಬಿಸಿಗಾಳಿ, ನಿಂಗವ್ವ,

ಅಷ್ಟರಲ್ಲಿ ಬಲಗಿವಿ ಕಿಟ್ಟನೆ ಚೀರಿತು.
ತೀರಾ ಹತ್ತಿರ ಬಂದರೆ ಯಂತ್ರ ಹಾಗೆ ಕೂಗುತ್ತದೆ,
ಕೈಪಿಡಿಯ ಹದಿನಾಲ್ಕನೇ ಪುಟ.
ಹುಡುಗಿ ಬೆದರಿ ಹಿಂದೆ ಸರಿದಳು.
ನನ್ನ ಕಣ್ಣು ಮಾತ್ರ ತಾನಾಗಿ ಗಡಿಯಾರಕ್ಕೆ ಹೋಯಿತು,
ಹಳೆಯ ಚಾಳಿ, ಹುಟ್ಟಿದ ಹೊತ್ತು ಬರೆಯಬೇಕಲ್ಲ:
ಮೂರು ಗಂಟೆ ಹನ್ನೊಂದು ನಿಮಿಷ.

ಊರುಗೋಲಿಗೂ ಅರಿಶಿನ ಹಚ್ಚಿದೆವು.
ರಾತ್ರಿ ಎರಡನ್ನೂ ಬಿಚ್ಚಿ ಕುಂಕುಮದ ಭರಣಿಯ ಪಕ್ಕ ಇಟ್ಟೆ.
ಮೌನ ಬಂದು ತನ್ನ ಜಾಗದಲ್ಲಿ ಕೂತಿತು,
ಅದನ್ನೇನೂ ನಾನು ಮನೆಯಿಂದ ಹೊರಗೆ ಹಾಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತಟ್ಟಿದ್ದು ಕೇಳಿತು.
ಗ್ಲೆನಿಸ್. ಅಂಗೈಯಲ್ಲಿ ಕಾರಿನ ಕೀಲಿ.
ಕಣ್ಣಿನ ಡಾಕ್ಟರು ಸಾಕು ಎಂದರು,
ಇದಕ್ಕೇನು ಮಾಡುವುದು ಎಂದಳು.
ಗೊತ್ತಿಲ್ಲ ಎಂದೆ,
ಮೊದಲು ಎರಡು ಹಿಡಿ ಕಡಲೆ ನೆನೆಹಾಕು.